ಇಳಿಸಿದ ತೂಕ ಮತ್ತೆ ಏರುವುದೇಕೆ?

ಕಬ್ಬು ಕಡಿದ ಹೊಲವನ್ನು ಮೊದಲ ಬಾರಿಗೆ ನೋಡುವವನಿಗೆ ಅಲ್ಲಿ ಬೆಳೆ ಮುಗಿಯಿತೆಂದೇ ತೋರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರೈತನಿಗೆ ಹಾಗಲ್ಲವೆಂದು ಗೊತ್ತು. ಕೊಯ್ತಾದಿಂದ ನೆಲದ ಮಟ್ಟಕ್ಕೆ ಕಡಿದು, ಗಾಡಿ ತುಂಬಿ ಕಾರ್ಖಾನೆಗೆ ಸಾಗಿಸಿದ ಮೇಲೂ ಬುಡ ಮಣ್ಣಿನೊಳಗೆ ಜೀವಂತವಾಗಿಯೇ ಇರುತ್ತದೆ. ಒಂದು ನೀರು ಸಿಕ್ಕಿತೆಂದರೆ ಹೊಸ ಮೊಳಕೆ ಹೊರಡುತ್ತದೆ. ಇದು ಕೂಳೆ ಬೆಳೆ. ಗಡಿಯ ಹಳ್ಳಿಗಳಲ್ಲಿ ಮರಾಠಿ ಬೆರೆತ ಮಾತಿನಲ್ಲಿ ಖೋಡವಾ ಎನ್ನುವುದೂ ಉಂಟು. ಬೀಜ ಹಾಕದೆ, ನಾಟಿ ಮಾಡದೆ ಬರುವ ಬೆಳೆ.

ಮನುಷ್ಯನ ಮೈಯಲ್ಲಿ ಸೇರಿಕೊಂಡ ಕೊಬ್ಬಿನ ಸ್ವಭಾವವೂ ಹೆಚ್ಚು ಕಡಿಮೆ ಇದೇ. ಪಟ್ಟು ಹಿಡಿದು ಆರು ತಿಂಗಳಲ್ಲಿ ಹತ್ತು ಕಿಲೋ ಇಳಿಸಿದವರು ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನ ತೂಕಕ್ಕೇ ಬಂದು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೆಂಟರಿಷ್ಟರು 'ಬಾಯಿ ಕಟ್ಟಲಿಲ್ಲ' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ತೂಕ ಏರಿಸಿಕೊಂಡವರು ತಾವೇ ಆ ತೀರ್ಪನ್ನು ಒಪ್ಪಿಕೊಂಡು, ನಾಚಿಕೆಪಟ್ಟು, ಮತ್ತೆ ಪ್ರಯತ್ನವನ್ನೇ ಮಾಡದೆ ಕೂರುತ್ತಾರೆ. ಆ ತೀರ್ಪು ಎಷ್ಟು ಸರಿ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಕೃಷ್ಣಾ ತೀರದ ಕಬ್ಬಿನ ಸೀಮೆಯ ಪ್ರಸ್ತಾಪವೇಕೆಂದು ಕೆಲವು ಸದಸ್ಯರು ಕೇಳಬಹುದು. ನಮ್ಮ ಅಡಿಕೆಯೂ ನಿಪ್ಪಾಣಿಯ ತಂಬಾಕೂ ಒಂದೇ ಸಂಚಿಯಲ್ಲಿ ಕೂಡುವ ಸಂಬಂಧ ಹಳೆಯದು. ಅದಕ್ಕಿಂತ ಮುಖ್ಯವಾಗಿ, ನಮ್ಮ ತೋಟಗಳಲ್ಲಿ ಇಂದು ಮರಗಳ ಮರೆಯಲ್ಲಿ ನಡೆಯುತ್ತಿರುವ ಬದಲಾವಣೆ ಅಲ್ಲಿ ಬಯಲಿನಲ್ಲಿ, ಎಲ್ಲರ ಕಣ್ಣಿಗೂ ಕಾಣುವಂತೆ ನಡೆದಿದೆ.

ಮಳೆಯನ್ನೇ ನಂಬಿ ಜೋಳ ಬಿತ್ತುತ್ತಿದ್ದ ನೆಲಕ್ಕೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಂದ ಪಂಪಿನ ನೀರು ಹತ್ತಿತು. ರಾಯಬಾಗ, ಚಿಕ್ಕೋಡಿಗಳ ಕಡೆ ಹಿಡಕಲ್ ಜಲಾಶಯದ ಕಾಲುವೆ ನೀರೂ ಬಂತು. ನೀರಿನ ಬೆನ್ನಿಗೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಉಗಾರ ಖುರ್ದದಿಂದ ಚಿಕ್ಕೋಡಿಯವರೆಗೆ ಸಕ್ಕರೆ ಕಾರ್ಖಾನೆಗಳು ಎದ್ದವು. ಎತ್ತು ನಡೆಸುತ್ತ ದಿನವಿಡೀ ಹೊಲ ತುಳಿಯುತ್ತಿದ್ದವನು ಟ್ರ್ಯಾಕ್ಟರಿನ ಮೇಲೆ ಕೂತ. ನಡೆದು ಹೋಗುತ್ತಿದ್ದ ದಾರಿಗೆ ಬೈಕು ಬಂತು. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ತಟ್ಟೆಯಲ್ಲಿ ಉಳಿದವು. ಅವುಗಳ ಜೊತೆಗೆ ದಿನಕ್ಕೆ ಆರೇಳು ಬಾರಿ ಪಾಕದಂಥ ಚಹಾ, ಸಂಜೆಗೆ ಮಿರ್ಚಿ ಭಜಿ, ವಡಾಪಾವ್ ಸೇರಿಕೊಂಡವು. ನಮ್ಮಲ್ಲಿ ಕತ್ತಿ ಹಿಡಿದು ಕಳೆ ಹೊಡೆಯುತ್ತಿದ್ದವನ ಹೆಗಲಿಗೆ ಯಂತ್ರ ಬಂದದ್ದು, ಮರ ಹತ್ತುವ ಬದಲು ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಗೊನೆ ಇಳಿಸುವುದು, ಎಲ್ಲವೂ ಇದೇ ಕತೆಯ ಇನ್ನೊಂದು ಅಧ್ಯಾಯ. ದುಡಿಮೆಯ ಕಷ್ಟ ಕಡಿಮೆಯಾದದ್ದಕ್ಕೆ ಯಾರೂ ಕೊರಗಬೇಕಾಗಿಲ್ಲ. ಆದರೆ ಮೈ ಅದನ್ನು ತನ್ನದೇ ರೀತಿಯಲ್ಲಿ ಲೆಕ್ಕಕ್ಕೆ ಹಿಡಿಯುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 24 ಮಹಿಳೆಯರು, ಸುಮಾರು 23 ಪುರುಷರು ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 19 ಮಹಿಳೆಯರು ತೀರಾ ತೆಳ್ಳಗಿನವರು. ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಎರಡೂ ಇರುತ್ತವೆಂಬುದನ್ನು ಮರೆಯಬಾರದು.

ಲೆಕ್ಕ ತಪ್ಪುವುದು ಎಲ್ಲಿ?

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಹದಿನೈದು ದಿನಕ್ಕೆ ಒಂದು ಕಿಲೋ, ವರ್ಷಕ್ಕೆ 24 ಕಿಲೋ ಇಳಿಯಬೇಕು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ಲೆಕ್ಕದಂತೆ ವರ್ಷವಿಡೀ ಇಳಿದವರು ಯಾರೂ ಸಿಗುವುದಿಲ್ಲ.

ಮೊದಲ ವಾರ ಮಾತ್ರ ಲೆಕ್ಕಕ್ಕಿಂತ ಹೆಚ್ಚೇ ಇಳಿಯುತ್ತದೆ. ಎರಡು ಕಿಲೋ ಹೋಯಿತೆಂದು ಹಿಗ್ಗುವ ಕಾಲ ಅದು. ಹಸಿ ಅಡಿಕೆಯನ್ನು ಅಂಗಳಕ್ಕೆ ಹಾಕಿದಾಗ, ಕಾಫಿ ಹಣ್ಣನ್ನು ಕಣದಲ್ಲಿ ಒಣಗಿಸಿದಾಗ ತೂಕ ಇಳಿಯುವುದಿಲ್ಲವೇ? ಅಲ್ಲಿ ಹೋದದ್ದು ನೀರು, ಮಾಲಲ್ಲ. ಮೈಯಲ್ಲಿಯೂ ಹಾಗೆಯೇ. ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ನಿತ್ಯದ ಖರ್ಚಿಗೆಂದು ಅರ್ಧ ಕಿಲೋದಷ್ಟು ಪಿಷ್ಟದಂಥ ಪದಾರ್ಥ ಇರುತ್ತದೆ; ಅದರ ಪ್ರತಿ ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಊಟ ತಗ್ಗಿಸಿದೊಡನೆ ಮೊದಲು ಖಾಲಿಯಾಗುವುದು ಇದು. 'ಏಳು ದಿನದಲ್ಲಿ ಮೂರು ಕಿಲೋ' ಎಂಬ ಜಾಹೀರಾತಿನ ಪುಡಿಗಳೆಲ್ಲ ಬದುಕುತ್ತಿರುವುದು ಈ ನೀರಿನ ಮೇಲೆಯೇ.

ಆಮೇಲೆ ಕೊಬ್ಬು ಕರಗತೊಡಗುತ್ತದೆ. ಅದರೊಂದಿಗೆ, ಎಚ್ಚರ ವಹಿಸದಿದ್ದರೆ, ಇಳಿದ ತೂಕದ ಸುಮಾರು ಕಾಲು ಭಾಗದಷ್ಟು ಸ್ನಾಯು ಮುಂತಾದ ಭಾಗವೂ ಹೋಗುತ್ತದೆ. ಮೈ ಚಿಕ್ಕದಾದಂತೆ ಅದರ ಖರ್ಚೂ ಚಿಕ್ಕದಾಗುತ್ತದೆ. ನಾವು ಸುಮ್ಮನೆ ಮಲಗಿದ್ದರೂ ಹೃದಯ, ಯಕೃತ್ತು, ಮೂತ್ರಪಿಂಡ, ಮಿದುಳು ಮುಂತಾದವುಗಳ ಕೆಲಸಕ್ಕೆ ದಿನದ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ತೂಕ ಇಳಿದವನಲ್ಲಿ ಈ ಖರ್ಚು ಮೈ ಚಿಕ್ಕದಾದ ಪ್ರಮಾಣಕ್ಕಿಂತಲೂ ಸ್ವಲ್ಪ ಹೆಚ್ಚಾಗಿಯೇ ಇಳಿಯುತ್ತದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಲೈಬೆಲ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಅಳೆದು ತೋರಿಸಿದರು. ಆದಾಯ ಕಡಿಮೆಯಾದ ವರ್ಷ ಯಜಮಾನ ಮನೆ ಖರ್ಚನ್ನು ಬಿಗಿ ಹಿಡಿಯುವಂತೆ, ಮೈ ತಾನಾಗಿಯೇ ಕೈ ಬಿಗಿ ಮಾಡುತ್ತದೆ.

ಇನ್ನೂ ದೊಡ್ಡ ಸಂಗತಿ ಹಸಿವಿನದು. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಮಧುಮೇಹದ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡವರ ಶಕ್ತಿ ಅವರಿಗೆ ಅರಿವಿಲ್ಲದೆಯೇ ದಿನವೂ ಸೋರಿಹೋಗುತ್ತದೆ. ಪಥ್ಯವಿಲ್ಲ, ಮನಸ್ಸಿನ ಹೋರಾಟವಿಲ್ಲ. ಹೀಗೆ ತೂಕ ಇಳಿದವರು ಎಷ್ಟು ಹೆಚ್ಚು ತಿಂದರೆಂಬುದನ್ನು ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಲೆಕ್ಕ ಹಾಕಿದರು. ಇಳಿದ ಪ್ರತಿ ಕಿಲೋಗೆ ಮೈಯ ಖರ್ಚು ದಿನಕ್ಕೆ 20–30 ಕ್ಯಾಲೊರಿ ಇಳಿದರೆ, ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿ ಏರುತ್ತದೆಂದು ಕಂಡುಬಂತು. ಅಂದರೆ ಹತ್ತು ಕಿಲೋ ಇಳಿಸಿದವನ ಹಸಿವು ಸಾವಿರ ಕ್ಯಾಲೊರಿಯಷ್ಟು, ಐದಾರು ಜೋಳದ ರೊಟ್ಟಿಗಳಷ್ಟು, ಹೆಚ್ಚಾಗಿರುತ್ತದೆ. ಅಷ್ಟು ಹಸಿವನ್ನು ಅದುಮಿಕೊಂಡು ಒಬ್ಬ ಮನುಷ್ಯ ದಿನ ಕಳೆಯುತ್ತಿದ್ದಾನೆಂಬುದು 'ಬಾಯಿ ಕಟ್ಟಲಿಲ್ಲ' ಎನ್ನುವವರಿಗೆ ಕಾಣುವುದಿಲ್ಲ.

ಕೊಬ್ಬು ಕಳಿಸುವ ಸುದ್ದಿ

ಕೊಬ್ಬೆಂದರೆ ಸುಮ್ಮನೆ ತುಂಬಿಟ್ಟ ತುಪ್ಪದ ಡಬ್ಬಿಯೆಂದು ಹಿಂದೆ ತಿಳಿದಿದ್ದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲವನ್ನು ಪತ್ತೆ ಮಾಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಕೊಬ್ಬಿನ ಕಣಗಳೇ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ದಾಸ್ತಾನು ಎಷ್ಟಿದೆಯೆಂಬ ಸುದ್ದಿ ಅದರ ಮೂಲಕ ಮಿದುಳಿಗೆ ಮುಟ್ಟುತ್ತದೆ. ಸಂಘದ ಗೋದಾಮಿನಿಂದ ಕಚೇರಿಗೆ ದಿನವೂ ಹೋಗುವ ದಾಸ್ತಾನು ಪಟ್ಟಿಯಂತೆ ಎನ್ನಬಹುದು. ಪಟ್ಟಿಯಲ್ಲಿ ಅಂಕಿ ಇಳಿಯಿತೆಂದರೆ ಕಚೇರಿಯಲ್ಲಿ ಗಾಬರಿ. ಹೊರಗೆ ಕೊಡುವುದನ್ನು ನಿಲ್ಲಿಸಿ, ಒಳಗೆ ತರುವುದನ್ನು ಹೆಚ್ಚಿಸಿ ಎಂದು ಆಜ್ಞೆ ಹೊರಡುತ್ತದೆ. ಇದಲ್ಲದೆ ಜಠರದಿಂದ ಹೊರಟು ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬುದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ಕರುಳಿನಿಂದ ಬರುತ್ತವೆ.

ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 50 ಮಂದಿಗೆ ಹತ್ತು ವಾರ ಅತಿ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದರು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶ ವೈದ್ಯರನ್ನೂ ಬೆರಗುಗೊಳಿಸಿತು. ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಏರಿಯೇ ಇದ್ದವು, ತೃಪ್ತಿಯ ಹಾರ್ಮೋನುಗಳು ತಗ್ಗಿಯೇ ಇದ್ದವು. ಮೈ ಹೊಸ ತೂಕಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆಂಬ ನಂಬಿಕೆ ಅಲ್ಲಿ ಸುಳ್ಳಾಯಿತು.

ಕೂಳೆಯ ಮಾತಿಗೆ ಬರೋಣ. ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದಂತೆ, ವಯಸ್ಕರಲ್ಲಿ ಕೊಬ್ಬಿನ ಕಣಗಳ ಸಂಖ್ಯೆ ಹೆಚ್ಚು ಕಡಿಮೆ ಸ್ಥಿರವಾಗಿರುತ್ತದೆ. ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಹಳೆಯವು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ. ತೂಕ ಬಹಳ ಇಳಿದರೂ ಕಣಗಳು ಚಿಕ್ಕವಾಗುತ್ತವೆಯೇ ಹೊರತು ಸಂಖ್ಯೆಯಲ್ಲಿ ಕಡಿಮೆಯಾಗುವುದಿಲ್ಲ. ಖಾಲಿ ಚೀಲಗಳು ಗೋದಾಮಿನಲ್ಲಿ ಹಾಗೆಯೇ ಮಡಿಚಿಟ್ಟಿರುತ್ತವೆ.

ಇದೆಲ್ಲ ದೇಹದ ಕುತಂತ್ರವೆಂದು ಬೈಯಬೇಕಾಗಿಲ್ಲ. 1876–78ರ ಮಹಾ ಬರದಲ್ಲಿ ಬೆಳಗಾವಿ, ಕಲಾದಗಿ ಸೀಮೆಯ ಜನ ಹುಲ್ಲುಕಡ್ಡಿಯಂತೆ ಉದುರಿಹೋದರು. 1972ರ ಬರವನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ. ಮೈಯೊಳಗಿನ ದಾಸ್ತಾನು ಇಳಿಯುವುದನ್ನು ಕಂಡೊಡನೆ ಬರ ಬಂತೆಂದೇ ತಿಳಿಯುವ ಶರೀರಕ್ಕೆ, ಇದು ಸೊಸೆ ಹೇಳಿಕೊಟ್ಟ ಪಥ್ಯವೆಂದು ತಿಳಿಸುವವರು ಯಾರು?

ಬೇಕೆಂದೇ ಹಸಿದವರು

ದೀರ್ಘಕಾಲ ಅರೆಹೊಟ್ಟೆಯಲ್ಲಿದ್ದವರ ಮೈ ಏನು ಮಾಡುತ್ತದೆಂಬುದನ್ನು ಸವಿವರವಾಗಿ ಅಭ್ಯಸಿಸಿದ್ದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, 1944–45ರಲ್ಲಿ. ಯುದ್ಧಕ್ಕೆ ಹೋಗಲು ಒಪ್ಪದ 36 ತರುಣರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅವರನ್ನು ದಿನವೂ ತೂಗಿ, ಅಳೆದು ಬರೆದಿಟ್ಟರು. ತೂಕ ನಾಲ್ಕನೇ ಒಂದರಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಚಳಿ ತಡೆಯದಾಯಿತು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಅವರಲ್ಲಿ ಕೆಲವರು ಓದಲು ಅಡುಗೆ ಪುಸ್ತಕ ಹಿಡಿದು ಕೂರುತ್ತಿದ್ದರಂತೆ. ಮತ್ತೆ ಊಟ ಕೊಟ್ಟಾಗ ಹೊಟ್ಟೆ ತುಂಬಿದರೂ ಹಸಿವು ಹೋಗಲಿಲ್ಲ. ಸ್ನಾಯು ಪೂರ್ತಿ ಮರಳುವ ಮೊದಲೇ ಕೊಬ್ಬು ಮರಳಿ, ಹಿಂದಿನ ಮಟ್ಟವನ್ನೂ ದಾಟಿತು. ಪಥ್ಯ ಬಿಟ್ಟವರ ಹೊಟ್ಟೆ ಮೊದಲು ಮುಂದೆ ಬರುವುದೇಕೆಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ಉದಾಹರಣೆ ತೀರ ಈಚಿನದು. ಅಮೆರಿಕದ ದೂರದರ್ಶನದ ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿ, ವರದಿಯನ್ನು 2016ರಲ್ಲಿ ಪ್ರಕಟಿಸಿದರು. ಸರಾಸರಿ 58 ಕಿಲೋ ಇಳಿಸಿದ್ದವರು 41 ಕಿಲೋ ಮರಳಿ ಪಡೆದಿದ್ದರು. ವಿಶ್ರಾಂತಿಯಲ್ಲಿದ್ದಾಗ ಅವರ ಮೈಯ ಖರ್ಚು ಮಾತ್ರ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ದಿನಕ್ಕೆ ಏಳೆಂಟು ಗಂಟೆ ಮೈ ದಂಡಿಸಿ, ಊಟ ಕತ್ತರಿಸಿ ಮಾಡಿದ ಸ್ಪರ್ಧೆ ಅದು. ಮಗಳ ಮದುವೆ ಎರಡು ತಿಂಗಳಿದೆಯೆಂದು ಊಟ ಬಿಡಿಸುವ ತಾಯಂದಿರು ಇದನ್ನು ಸ್ವಲ್ಪ ನೆನೆಯಲಿ.

ನಮ್ಮ ಗಡಿ ಸೀಮೆಯಲ್ಲಿ ಉಪವಾಸವೇನೂ ಹೊಸದಲ್ಲ. ಈ ಐದು ತಾಲೂಕುಗಳಲ್ಲಿ ಜೈನ ಮನೆತನಗಳು ಬಹಳ. ದೂಧಗಂಗಾ, ವೇದಗಂಗಾ ಕೂಡುವ ಭೋಜ ಗ್ರಾಮದ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರ ಮಹಾರಾಜರು ಜೀವನದುದ್ದಕ್ಕೂ ದೀರ್ಘ ಉಪವಾಸಗಳನ್ನು ಕೈಗೊಂಡು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅದು ಆತ್ಮಸಾಧನೆ, ಅದನ್ನು ತೂಕದ ಮಾತಿಗೆ ಎಳೆಯುವುದು ಔಚಿತ್ಯವಲ್ಲ. ಆದರೆ ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುವ ಗೃಹಸ್ಥರು, ಸೋಮವಾರ, ಶನಿವಾರ, ಏಕಾದಶಿ ಎಂದು ಉಪವಾಸ ಹಿಡಿಯುವವರು, ಈ ನೆಪದಲ್ಲಾದರೂ ಮೈ ಇಳಿಯಲೆಂದು ಆಸೆಪಡುವುದುಂಟು. ಇಂಥವರಿಗೆಂದೇ ಅಲ್ಲಿ ಮರಾಠಿ ಗಾದೆಯೊಂದು ಚಾಲ್ತಿಯಲ್ಲಿದೆ: 'ಏಕಾದಶಿ, ದುಪ್ಪಟ್ ಖಾಶಿ', ಏಕಾದಶಿಯೆಂದು ಎರಡರಷ್ಟು ತಿನ್ನುವುದು. ಸಾಬೂದಾಣಿ ಎಂದರೆ ಬಹುಪಾಲು ಬರೀ ಪಿಷ್ಟ. ಅದಕ್ಕೆ ಎಣ್ಣೆ, ಶೇಂಗಾ ಪುಡಿ ಸೇರಿಸಿ ಖಿಚಡಿ ಮಾಡಿ, ಮೇಲೆ ಶೇಂಗಾ ಉಂಡಿ, ಹಾಲು, ಬಾಳೆಹಣ್ಣು ತೆಗೆದುಕೊಂಡರೆ ಎರಡು ರೊಟ್ಟಿ ಪಲ್ಯದ ಊಟವೇ ಹಗುರ. ನಿಜವಾಗಿ ಕಡಿಮೆ ತಿನ್ನುವ ಉಪವಾಸದಿಂದ ತೂಕ ಇಳಿಯುತ್ತದೆ, ಸುಳ್ಳಲ್ಲ. ಆದರೆ ದಿನ ಬಿಟ್ಟು ದಿನ ಉಪವಾಸ ಮಾಡಿದವರಿಗೂ ನಿತ್ಯ ಸ್ವಲ್ಪ ಸ್ವಲ್ಪ ತಗ್ಗಿಸಿದವರಿಗೂ ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಪರೀಕ್ಷೆಗಳು ಹೇಳುತ್ತವೆ. ಯಾರಿಗೆ ಯಾವುದು ಒಗ್ಗುತ್ತದೋ ಅದು.

ತಾಲೀಮು ಬಿಟ್ಟ ಪೈಲ್ವಾನ

ಕೊಲ್ಲಾಪುರದ ಪ್ರಭಾವದಿಂದ ಈ ಸೀಮೆಯಲ್ಲಿ ಕುಸ್ತಿಯ ಗರಡಿಗಳು, ಅಲ್ಲಿನ ಮಾತಿನಲ್ಲಿ ತಾಲೀಮು, ಹಳ್ಳಿ ಹಳ್ಳಿಗೂ ಇದ್ದವು. ಕಟೆದಿಟ್ಟಂಥ ಮೈಯ ಪೈಲ್ವಾನ ಮೂವತ್ತರ ನಂತರ ಕಣದಿಂದ ಇಳಿದನೆಂದರೆ ಐದಾರು ವರ್ಷಗಳಲ್ಲಿ ಬೇರೆಯೇ ಆಕಾರಕ್ಕೆ ಬರುವುದನ್ನು ಅಲ್ಲಿಯವರು ಕಂಡೇ ಇರುತ್ತಾರೆ. ಹಾಲು, ತುಪ್ಪ, ಬಾದಾಮಿಯ ರೂಢಿ ಉಳಿದುಬಿಡುತ್ತದೆ, ಸಾಮು ನಿಲ್ಲುತ್ತದೆ. ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಸೇರುತ್ತದೆ. ಸ್ನಾಯು ಕೊಬ್ಬಾಗಿ ಮಾರ್ಪಟ್ಟಿತೆಂಬುದು ತಪ್ಪು ಮಾತು. ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ.

ವ್ಯಾಯಾಮದ ಬಗ್ಗೆ ಎರಡು ಮಾತು ನೇರವಾಗಿ ಹೇಳಬೇಕು. ಬರೀ ನಡೆದಾಡುವುದರಿಂದ ಬಹಳ ತೂಕ ಇಳಿಯುವುದಿಲ್ಲ. ಆಫ್ರಿಕದ ಟಾಂಜಾನಿಯದಲ್ಲಿ ಬೇಟೆ, ಗೆಡ್ಡೆಗೆಣಸುಗಳಿಂದ ಬದುಕುವ ಹಾಡ್ಜಾ ಜನರ ದಿನದ ಶಕ್ತಿ ಖರ್ಚನ್ನು ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರದ ವ್ಯತ್ಯಾಸ ಕಳೆದರೆ, ಮೈಲಿಗಟ್ಟಲೆ ನಡೆಯುವ ಅವರ ಖರ್ಚೂ ಕುರ್ಚಿಯ ಮೇಲೆ ಕೂರುವ ಪಾಶ್ಚಾತ್ಯರ ಖರ್ಚೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ದುಡಿಮೆಗೆ ಹೋದ ಶಕ್ತಿಯನ್ನು ಮೈ ಬೇರೆ ಬಾಬತ್ತುಗಳಲ್ಲಿ ಉಳಿಸಿಕೊಳ್ಳುತ್ತದೆ. ಹಾಗಾದರೆ ನಡೆಯುವುದು ವ್ಯರ್ಥವೇ? ಇಳಿದ ತೂಕವನ್ನು ಉಳಿಸಿಕೊಂಡವರನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಅಮೆರಿಕದಲ್ಲಿ 1994ರಿಂದ ಇಂಥವರ ದಾಖಲೆಯೊಂದನ್ನು ಇಟ್ಟಿದ್ದಾರೆ. 13 ಕಿಲೋಗೂ ಹೆಚ್ಚು ಇಳಿಸಿ, ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಪ್ರವೇಶ. ಅವರಲ್ಲಿ ಬಹುಮಂದಿ ದಿನಕ್ಕೆ ಸುಮಾರು ಒಂದು ಗಂಟೆ ಮೈಗೆ ಕೆಲಸ ಕೊಡುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಇಳಿಸಲು ಊಟ, ಉಳಿಸಲು ನಡಿಗೆ ಎಂದು ತಿಳಿದರೆ ತಪ್ಪಾಗದು. ಭಾರ ಎತ್ತುವ ಕೆಲಸವನ್ನೂ ಬಿಡಬಾರದು, ಸ್ನಾಯು ಉಳಿಯುವುದು ಅದರಿಂದ.

ಎಲ್ಲರ ಮೈಯೂ ಒಂದೇ ಅಲ್ಲವೆಂಬುದೂ ಇಲ್ಲಿಯೇ ಹೇಳಬೇಕಾದ ಮಾತು. ಕೆನಡಾದ ಕ್ವಿಬೆಕ್‌ನಲ್ಲಿ ಕ್ಲಾಡ್ ಬುಶಾರ್ ಎಂಬವರು 12 ಜೋಡಿ ಅವಳಿ ತರುಣರಿಗೆ ನೂರು ದಿನಗಳ ಅವಧಿಯಲ್ಲಿ, ವಾರಕ್ಕೆ ಆರು ದಿನದಂತೆ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಾಗಿ ತಿನ್ನಿಸಿದರು. 1990ರಲ್ಲಿ ಬಂದ ವರದಿಯಂತೆ ಒಬ್ಬ ಏರಿದ್ದು ನಾಲ್ಕು ಕಿಲೋ ಚಿಲ್ಲರೆ, ಇನ್ನೊಬ್ಬ ಹದಿಮೂರು ಕಿಲೋ ಮೀರಿ. ತಿಂದದ್ದು ಮಾತ್ರ ಒಂದೇ. ಆದರೆ ಅವಳಿಗಳಲ್ಲಿ ಅಣ್ಣ ಏರಿದಷ್ಟೇ ಸುಮಾರಾಗಿ ತಮ್ಮನೂ ಏರಿದ್ದ. ಒಂದೇ ಗೊಬ್ಬರ ಹಾಕಿದ ತೋಟದಲ್ಲಿ ತಳಿಗೊಂದು ಫಸಲು ಬರುವುದನ್ನು ಕಂಡಿರುವ ನಮಗೆ ಇದು ಆಶ್ಚರ್ಯವಾಗಬಾರದು.

ತೆಳ್ಳಗಿದ್ದರೂ ಕೊಬ್ಬು

'ನನಗೇನೂ ಮೈಯಿಲ್ಲ, ಈ ಮಾತೆಲ್ಲ ನನಗಲ್ಲ' ಎನ್ನುವ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತ ಒಂದು ಭಾವಚಿತ್ರ 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಪುಣೆಯವರ ಮೈಯಲ್ಲಿ 21.2. ತಕ್ಕಡಿ ಎರಡನ್ನೂ ಒಂದೇ ಎಂದಿತು! ಇದು ಹುಟ್ಟಿನಿಂದಲೇ ಬರುವುದೆಂದು ಯಾಜ್ಞಿಕರ ತಂಡ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ತೋರಿಸಿದೆ. ಅಲ್ಲಿಯ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಇಟ್ಟಿದ್ದ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚೆಂದು 1996ರಲ್ಲಿ ಗೊತ್ತಾಯಿತು. ಯಾರೋ ಗುಮಾಸ್ತರು ಶ್ರದ್ಧೆಯಿಂದ ಬರೆದಿಟ್ಟ ಹಳೆಯ ಪುಸ್ತಕಗಳು ಅರವತ್ತು ವರ್ಷಗಳ ನಂತರ ಹೀಗೆ ಉಪಯೋಗಕ್ಕೆ ಬಂದವು.

ಆದುದರಿಂದ ಭಾರತೀಯರಿಗೆ ಅಳತೆಗೋಲೂ ಬೇರೆ. ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಲೆಕ್ಕ ಬೇಡವೆನ್ನುವವರು ಟೇಪು ಹಿಡಿಯಲಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಮಾಡಬಹುದಾದದ್ದು

ಇಷ್ಟೆಲ್ಲ ಓದಿ, ದೇಹವೇ ಎದುರು ನಿಂತಿರುವಾಗ ಪ್ರಯತ್ನವೇಕೆಂದು ಕೈಚೆಲ್ಲಬೇಕಾಗಿಲ್ಲ. ಕೂಳೆ ಚಿಗುರುವುದು ನೀರು ಗೊಬ್ಬರ ಸಿಕ್ಕರೆ ತಾನೆ? ಮೊದಲ ಸಂಗತಿ, ಬಹಳ ಇಳಿಸಬೇಕೆಂಬ ಹಟ ಬೇಡ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದವರಿಗೆ ನೂರಕ್ಕೆ ಏಳರಷ್ಟು ತೂಕ ಇಳಿಸುವ ಗುರಿಯನ್ನೂ ನಿತ್ಯದ ನಡಿಗೆಯನ್ನೂ ಕೊಟ್ಟಾಗ ರೋಗಕ್ಕೆ ತಿರುಗುವುದು ನೂರಕ್ಕೆ 58ರಷ್ಟು ತಗ್ಗಿತೆಂದು 2002ರಲ್ಲಿ ವರದಿಯಾಯಿತು. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪರೀಕ್ಷೆ ಇನ್ನೂ ಸ್ವಾರಸ್ಯಕರ. ಅಲ್ಲಿ ಮೂರು ವರ್ಷ ಊಟ, ನಡಿಗೆ ತಿದ್ದಿಕೊಂಡವರ ತೂಕ ಹೇಳುವಂತೆ ಇಳಿಯಲೇ ಇಲ್ಲ. ಆದರೂ ಮಧುಮೇಹ ನೂರಕ್ಕೆ 28ರಷ್ಟು ಕಡಿಮೆಯಾಯಿತು. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಕೆಲಸ ನಡೆದಿತ್ತು. ತೂಕ ಇಳಿಯಲಿಲ್ಲವೆಂದು ನಡಿಗೆ ಬಿಟ್ಟವರು ಕಳೆದುಕೊಳ್ಳುವುದು ಇದನ್ನೇ.

ಸಕ್ಕರೆಯಿಂದ ಆರಂಭಿಸುವುದು ಸುಲಭ. ಒಂದು ಚಮಚೆಗೆ 20 ಕ್ಯಾಲೊರಿ. ಎರಡು ಚಮಚೆಯಂತೆ ದಿನಕ್ಕೆ ಆರು ಲೋಟ ಕಾಫಿಯೋ ಚಹಾವೋ ಕುಡಿದರೆ 240. ಕಾಫಿ ಬೆಳೆಯುವವರು ಕಾಫಿ ಬಿಡುವುದು ಬೇಡ, ಅದರೊಳಗಿನ ಸಕ್ಕರೆ ಬಿಟ್ಟರೆ ಸಾಕು. ಸಕ್ಕರೆಗೆ ಬದಲು ಬೆಲ್ಲ ಹಾಕಿದರೆ ಇಳಿಯುತ್ತದೆಂಬ ನಂಬಿಕೆ ಆಲೆಮನೆಯ ಊರುಗಳಲ್ಲಿಯೂ ಇದೆ. ನೂರು ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿಯಾದರೆ ಬೆಲ್ಲದಲ್ಲಿ 380. ರುಚಿಗೆ ಬೆಲ್ಲ ತಿನ್ನಿ, ತೂಕಕ್ಕಲ್ಲ. ಊಟಕ್ಕೆ ಕೂತಾಗ ಮಟಕಿ, ಹೆಸರು, ಕಡಲೆಯಂಥ ಕಾಳು, ಮೊಸರು, ಒಗ್ಗುವವರಿಗೆ ಮೊಟ್ಟೆ ಮೀನು ಮೊದಲು ತಟ್ಟೆಗೆ ಬರಲಿ, ಅನ್ನ ರೊಟ್ಟಿ ಆಮೇಲೆ. ಸಸಾರಜನಕವಿರುವ ಊಟ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ, ಸ್ನಾಯುವನ್ನೂ ಕಾಯುತ್ತದೆ. ಪೊಟ್ಟಣದ ತಿಂಡಿಗಳ ವಿಷಯದಲ್ಲಿ 2019ರ ಒಂದು ಪರೀಕ್ಷೆ ನೆನಪಿಡತಕ್ಕದ್ದು. 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರ, ಎರಡು ವಾರ ಮನೆಯ ಅಡುಗೆಯಂಥ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಪೊಟ್ಟಣದ ಆಹಾರ ಸಿಕ್ಕಾಗ ದಿನಕ್ಕೆ 500 ಕ್ಯಾಲೊರಿ ಹೆಚ್ಚಾಗಿ ತಿಂದರು.

ನಿದ್ದೆಯ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೇ ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಿದ ಆರೋಗ್ಯವಂತ ತರುಣರಲ್ಲಿ ಲೆಪ್ಟಿನ್ ಇಳಿದು, ಗ್ರೆಲಿನ್ ಏರಿ, ಹಸಿವು ಕೆರಳಿದ್ದನ್ನು ಶಿಕಾಗೋದಲ್ಲಿ 2004ರಲ್ಲಿ ದಾಖಲಿಸಿದ್ದಾರೆ. ಮೂರು ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಎದ್ದು ಕಬ್ಬಿಗೆ ನೀರು ಬಿಡುವ ರೈತನ ಬೊಜ್ಜಿನಲ್ಲಿ ವಿದ್ಯುತ್ ವೇಳಾಪಟ್ಟಿಯ ಪಾಲೂ ಇದ್ದೀತು.

ಹಸಿವು ಕೊಲ್ಲಲೆಂದು ತಂಬಾಕು ಹಾಕಿಕೊಳ್ಳುವುದು ನಿಪ್ಪಾಣಿ ಕಡೆಯೂ ಇದೆ, ನಮ್ಮ ತೋಟದ ಆಳುಗಳಲ್ಲಿಯೂ ಇದೆ. ನಿಕೋಟಿನ್ ಹಸಿವನ್ನು ಅಡಗಿಸುವುದು ನಿಜ. ಬೀಡಿ ಸಿಗರೇಟು ಬಿಟ್ಟವರು ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುವುದೂ ನಿಜ. ಆ ಭಯದಿಂದ ಬಿಡದೆ ಇರುವುದು ಮಾತ್ರ ದೊಡ್ಡ ಅವಿವೇಕ. ಐದು ಕಿಲೋದ ಹೊರೆ ಬಾಯಿ ಕ್ಯಾನ್ಸರಿಗಿಂತ ಹಗುರ.

ಹೊಸ ಚುಚ್ಚುಮದ್ದುಗಳ ಬಗ್ಗೆ ಈಗ ಎಲ್ಲೆಡೆ ಮಾತು. ಸೆಮಾಗ್ಲುಟೈಡ್ ಎಂಬುದು ಕರುಳಿನ ತೃಪ್ತಿಯ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಟಿರ್ಜೆಪಟೈಡ್ ಎಂಬ ಇನ್ನೊಂದು 2025ರಲ್ಲಿ ಭಾರತಕ್ಕೂ ಬಂತು. ಬೊಜ್ಜಿನಿಂದ ಮಂಡಿ, ಹೃದಯ, ಸಕ್ಕರೆ ಎಲ್ಲವೂ ಕೆಟ್ಟವರಿಗೆ ಇವು ವರವೇ ಸರಿ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಬುಡ ಮಣ್ಣಿನಲ್ಲಿ ಹಾಗೆಯೇ ಇತ್ತು! ರಕ್ತದೊತ್ತಡಕ್ಕೆ ಮಾತ್ರೆ ನುಂಗುವಂತೆ ಇದೂ ದೀರ್ಘಕಾಲದ ಚಿಕಿತ್ಸೆ. ಅದಕ್ಕೆ ತಜ್ಞ ವೈದ್ಯರ ಚೀಟಿ ಬೇಕು, ಖರ್ಚಿನ ಲೆಕ್ಕವೂ ಬೇಕು. ಅಂಗಡಿಯಲ್ಲಿ ಕೇಳಿ ತಂದು ಚುಚ್ಚಿಕೊಳ್ಳುವ ಪದಾರ್ಥ ಅದಲ್ಲ.

ತೂಕ ಇಳಿಸಿದವರಿಗೆ ಊರಿನ ಕಡೆಯಿಂದಲೂ ಒಂದು ಪರೀಕ್ಷೆ ಇದೆ. ಅಥಣಿ, ಚಿಕ್ಕೋಡಿ ಕಡೆ ಸಂತೆಯಲ್ಲಿ ಎದುರಾದವರು 'ಯಾಕ್ರೀ ಕಾಕಾ, ಭಾಳ ಸೊರಗೀರಿ, ಆರಾಮ ಅದೀರಿಲ್ಲೊ?' ಎಂದು ಕಳವಳದಿಂದ ಕೇಳುತ್ತಾರೆ. ಬೀಗರ ಮನೆಯಲ್ಲಿ ಒಂದು ಹೋಳಿಗೆ ಸಾಕೆಂದರೆ ತುಪ್ಪದ ಗಿಂಡಿ ಹಿಡಿದವರ ಮುಖ ಸಪ್ಪಗಾಗುತ್ತದೆ. ಈ ಪ್ರೀತಿಯನ್ನು ಗೆಲ್ಲುವ ಮಾತ್ರೆ ಇನ್ನೂ ಬಂದಿಲ್ಲ.

ಕೊನೆಯದಾಗಿ ಎಚ್ಚರಿಕೆಯ ಒಂದು ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ, ಉಪವಾಸ ಹಿಡಿಯುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಎಂದಿನ ಪ್ರಮಾಣದ ಔಷಧಿ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಬೆವರು, ನಡುಕ, ಕಣ್ಣು ಕತ್ತಲೆ ಬಂದು ಪ್ರಜ್ಞೆ ತಪ್ಪಬಹುದು. ಬೆವರು ನಡುಕ ಕಂಡ ಕೂಡಲೇ, ಎಚ್ಚರವಿರುವಾಗಲೇ, ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ತೂಕ ಇಳಿದಂತೆ ರಕ್ತದೊತ್ತಡದ ಮಾತ್ರೆಯೂ ಹೆಚ್ಚಾಗಿ ತಲೆ ಸುತ್ತು ಬರುವುದುಂಟು. ಐದಾರು ಕಿಲೋ ಇಳಿದ ಮೇಲೆ ಹಳೆಯ ಚೀಟಿಯನ್ನು ಹಿಡಿದು ಒಮ್ಮೆ ವೈದ್ಯರ ಬಳಿಗೆ ಹೋಗಿ, ಪ್ರಮಾಣ ತಗ್ಗಿಸಬೇಕೇ ಎಂದು ಕೇಳಿ ಬರುವುದು ಒಳ್ಳೆಯದು.